ತಮ್ಮ ಅಮೆರಿಕಕ್ಕೆ ಹೋದ, ಅಣ್ಣ ಊರಿನಲ್ಲೇ ಉಳಿದ: ವಲಸೆಯ ಲಾಭವನ್ನು ಅಳೆಯುವುದು ಹೇಗೆ?

ನಮಸ್ಕಾರ. ಪರದೇಶಕ್ಕೆ ಹೋಗಿ ಮುಂದೆ ಬಂದವರು ಊರಿನಲ್ಲಿದ್ದಿದ್ದರೂ ಅಷ್ಟೇ ಮುಂದೆ ಬರುತ್ತಿದ್ದರೇ? ನೀವು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಇದು. ಒಬ್ಬನೇ ಮನುಷ್ಯ ಹೋದದ್ದನ್ನೂ ಉಳಿದದ್ದನ್ನೂ ಒಟ್ಟಿಗೆ ನೋಡಲಾಗದು. ಆದರೆ ಅವನಿಗೊಬ್ಬ ಅಣ್ಣನಿದ್ದರೆ?

[ಪರದೆಯ ಮೇಲೆ: ನಾರ್ವೆ, 1865]

ರಾನ್ ಅಬ್ರಮಿಟ್ಸ್ಕಿ, ಲಿಯಾ ಬೌಸ್ಟನ್ ಮತ್ತು ಕ್ಯಾಥರೀನ್ ಎರಿಕ್ಸನ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಹಿಡಿದದ್ದು ಇದೇ ದಾರಿಯನ್ನು. 1865ರ ನಾರ್ವೆಯ ಜನಗಣತಿಯಲ್ಲಿ ಒಂದೇ ಮನೆಯ ಹುಡುಗರು ಒಟ್ಟಿಗೇ ಸಿಗುತ್ತಾರೆ. 35 ವರ್ಷ ಮುಂದಕ್ಕೆ ಬನ್ನಿ. 1900ರಲ್ಲಿ ನಾರ್ವೆ, ಅಮೆರಿಕ ಎರಡರಲ್ಲೂ ಜನಗಣತಿ ನಡೆಯಿತು. ಹೆಸರು, ವಯಸ್ಸು, ಹುಟ್ಟಿದ ದೇಶ ಹಿಡಿದು ಹುಡುಕಿದರೆ ತಮ್ಮ ಅಮೆರಿಕದ ಪಟ್ಟಿಯಲ್ಲಿ, ಅಣ್ಣ ನಾರ್ವೆಯ ಪಟ್ಟಿಯಲ್ಲಿ! ಇಬ್ಬರಿಗೂ ಅದೇ ಅಪ್ಪ, ಅದೇ ಅಮ್ಮ, ಅದೇ ಸಿರಿತನ ಅಥವಾ ಬಡತನ. ಅಮೆರಿಕದ ಜನಗಣತಿ ಕೂಲಿ-ಸಂಬಳ ಕೇಳತೊಡಗಿದ್ದೇ 1940ರಲ್ಲಿ. ಹಾಗಾಗಿ ಇಲ್ಲಿ ಗಳಿಕೆಯನ್ನು ಅಂದಾಜು ಮಾಡಿದ್ದು ಕಸುಬಿನಿಂದ. ಹೋದವನ ಗಳಿಕೆ ಸುಮಾರು ಶೇ 70ರಷ್ಟು ಹೆಚ್ಚಿತ್ತು. ಇಂದಿನ ವಲಸೆಯ ಲಾಭದ ಅಂದಾಜುಗಳ ಮುಂದೆ ಅದನ್ನೂ ಸಂಶೋಧಕರು ಕಡಿಮೆಯೆಂದೇ ಕರೆದರು.

ನನಗೆ ಬಹಳ ಹಿಡಿಸಿದ್ದು ಇದರೊಳಗಿನ ಇನ್ನೊಂದು ಎಳೆ. ನಾರ್ವೆಯಲ್ಲಿ ಹೊಲ ಸಾಮಾನ್ಯವಾಗಿ ಹಿರಿಯ ಮಗನ ಪಾಲು. ಅಂದಮೇಲೆ ಒಂದೇ ಮನೆಯಲ್ಲಿ ಹುಟ್ಟಿದರೂ ಅಣ್ಣ-ತಮ್ಮಂದಿರ ಮುಂದಿದ್ದ ದಾರಿಗಳು ಬೇರೆ. ತಮ್ಮ ಹಡಗು ಹತ್ತಿದ್ದು ಧೈರ್ಯಕ್ಕೋ, ಅಣ್ಣನಿಗೆ ಹೊಲ ಹೋಯಿತೆಂದೋ? ಮನೆತನವನ್ನು ಸಮ ಮಾಡಿದರೂ ಈ ಪ್ರಶ್ನೆ ಉಳಿಯುತ್ತದೆ. ಒಡಹುಟ್ಟಿದವರಲ್ಲಿ ಯಾರು ಎಷ್ಟನೆಯವರು ಎಂಬುದನ್ನೂ ಅದಕ್ಕೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಇನ್ನು, ಓಲೆ ಓಲ್ಸೆನ್ ಎಂಬ ಹೆಸರಿನವರು ಒಂದೇ ವಯಸ್ಸಿನಲ್ಲಿ ಹಲವರಿದ್ದರೆ ಯಾರು ಯಾರೆಂದು ಗೊತ್ತಾಗದು, ಅವರನ್ನು ಕೈಬಿಡಬೇಕು. ಅಕ್ಕತಂಗಿಯರ ಗತಿ ಇನ್ನೂ ಕಷ್ಟ. ಮದುವೆಯಾಗಿ ಅಡ್ಡಹೆಸರು ಬದಲಾದರೆ ದಾಖಲೆಯ ಎಳೆ ಅಲ್ಲೇ ತುಂಡಾಗುತ್ತದೆ. ಹೆಂಗಸರೂ ಅದೇ ಹಡಗುಗಳಲ್ಲಿ ಹೋದರು, ಅಲ್ಲಿ ದುಡಿದರು. ಅವರನ್ನು ಬಿಟ್ಟ ಲೆಕ್ಕವನ್ನು ಇಡೀ ವಲಸೆಯ ಲೆಕ್ಕ ಎನ್ನಲು ನಾನು ಒಪ್ಪುವುದಿಲ್ಲ.

ಸಮಯ ಮುಗಿಯುತ್ತಿದೆ, ಉಳಿದದ್ದು ಚುಟುಕಾಗಿ. ಇದೇ ಮೂವರು 1900, 1910, 1920ರ ಅಮೆರಿಕದ ಜನಗಣತಿಗಳನ್ನೂ ಜೋಡಿಸಿದರು. ವಲಸಿಗರು ತೀರಾ ಕೆಳಗಿನಿಂದ ಆರಂಭಿಸಿ ಬೇಗ ಮೇಲೇರಿದರು ಎಂಬ ಚಿತ್ರ ಅಲ್ಲಿ ಸಡಿಲವಾಯಿತು: ಒಂದೇ ವರ್ಷದ ಪಟ್ಟಿ ನೋಡಿದರೆ, ಗಳಿಕೆ ಸಾಲದೆ ತಾಯ್ನಾಡಿಗೆ ಮರಳಿದವರು ಕಾಣುವುದೇ ಇಲ್ಲ; ಉಳಿದವರನ್ನಷ್ಟೇ ನೋಡಿ ಎಲ್ಲರೂ ಮೇಲೇರಿದರು ಎನಿಸುತ್ತದೆ.

ಸ್ವೀಡನ್ 1947ರಲ್ಲಿ, ಡೆನ್ಮಾರ್ಕ್ 1968ರಲ್ಲಿ ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆ ಕೊಟ್ಟಿದ್ದರಿಂದ ಅಲ್ಲಿ ಹೆಸರಿನ ಗೊಂದಲವಿಲ್ಲ. ಶಾಲೆ, ಕೆಲಸ, ತೆರಿಗೆ ಎಲ್ಲವನ್ನೂ ಒಬ್ಬರದೇ ಎಂದು ಜೋಡಿಸಬಹುದು. ಆದರೆ ಅವರು ದೇಶ ಬಿಟ್ಟರೆ ಆ ದೇಶದ ದಾಖಲೆ ಅಲ್ಲಿಗೇ ನಿಲ್ಲುತ್ತದೆ. ಮುಂದಿನದು ತಿಳಿಯಲು ಇನ್ನೊಂದು ದೇಶದ ದಾಖಲೆಯೂ ತೆರೆದುಕೊಳ್ಳಬೇಕು.