ಗುರುವಿನ ಮೇಲೆ ಅಯೋ ನೆರಳು, ನಮ್ಮ ಹಿತ್ತಲಿನಿಂದ

ಟೆಲಿಸ್ಕೋಪ್ ಜೋಡಿಸುವುದನ್ನು ಈ ವಿಡಿಯೊದಲ್ಲಿ ನೀವೇ ನೋಡುತ್ತಿದ್ದೀರಿ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆರು ಇಂಚಿನ ಡಾಬ್ಸೋನಿಯನ್, ಅಂದರೆ ಕೈಯಿಂದ ತಳ್ಳಿ ತಿರುಗಿಸುವ ಕನ್ನಡಿ ಟೆಲಿಸ್ಕೋಪ್; 8 ಮಿಲಿಮೀಟರ್ ಐಪೀಸ್, ಅಂದರೆ ಕಣ್ಣಿಡುವ ಮಸೂರ; 150 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗುರು ಮಿಥುನ ರಾಶಿಯಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇದ್ದಾನೆ. ಇವತ್ತು ಅವನ ಮುಂದೆ ಅವನದೇ ಉಪಗ್ರಹ ಅಯೋ ಹಾದುಹೋಗುತ್ತದೆ.

ತಾರಸಿ ಬಿಟ್ಟು ಹಿತ್ತಲಿಗೆ ಯಾಕೆ ಅಂತೀರಾ? ಶಾಖ! ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಂಬತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಆ ಗಾಳಿಯಲ್ಲಿ ಗುರು ಕುದಿಯುವ ನೀರಿನ ತಳದ ನಾಣ್ಯದ ಹಾಗೆ ಅಲುಗಾಡುತ್ತಾನೆ. ಅವನ ಮೋಡದ ಪಟ್ಟೆಗಳೇ ಕಾಣದಿದ್ದರೆ ಚುಕ್ಕೆಯಷ್ಟು ನೆರಳು ಎಲ್ಲಿ ಕಾಣಬೇಕು? ಇಲ್ಲಿ ಹುಲ್ಲು, ಮಣ್ಣು, ಬೇಗ ತಣ್ಣಗಾಗುತ್ತದೆ. ಆದರೆ ಪಕ್ಕದ ಮನೆ ಏಸಿ ನೋಡಿ, ಬಿಸಿಗಾಳಿಯನ್ನು ನೇರ ಇತ್ತಲೇ ಊದುತ್ತಿದೆ. ಆಚೆ ಸರಿದರೆ ತೆಂಗಿನ ಗರಿ ಅಡ್ಡ. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಜಾಗ ಸಿಕ್ಕಿತು. ಇಂಥ ಗಾಳಿಯಲ್ಲಿ ಪಟ್ಟು ಜಾಸ್ತಿ ಮಾಡಿದರೆ ಅಲುಗಾಟವೂ ಜಾಸ್ತಿ, ಅಷ್ಟೇ. ಸಣ್ಣ ಟೆಲಿಸ್ಕೋಪಿನ ಡಬ್ಬದ ಮೇಲೆ 500 ಪಟ್ಟು ಅಂತ ಬರೆದಿದ್ದರೆ ದಯವಿಟ್ಟು ಕೊಳ್ಳಬೇಡಿ.

ಅಯೋ ಒಳಗೆ ಹೋಯಿತು. ಗುರುವಿನ ಅಂಚು ಮಂಕು, ಹಾಗಾಗಿ ಅಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಈಗ ನಡುವಿನ ಹೊಳಪಿನಲ್ಲಿ ಕರಗಿಹೋಯಿತು. ನನ್ನ ಕೇಳಿದರೆ ಉಪಗ್ರಹವೇ ಬೇಡ, ನೆರಳು ನೋಡಿ ಸಾಕು. ಗುರು 2026ರ ಜನವರಿ 10ಕ್ಕೆ ನಮ್ಮ ಆಕಾಶದಲ್ಲಿ ಸೂರ್ಯನಿಗೆ ನೇರ ವಿರುದ್ಧ ದಿಕ್ಕಿಗೆ ಬಂದಾಗಿದೆ. ಆಮೇಲಿನ ತಿಂಗಳುಗಳಲ್ಲಿ ಬಿಸಿಲು ಒಂದು ಬದಿಯಿಂದ ಬೀಳುವುದರಿಂದ ಉಪಗ್ರಹ ಮುಂದೆ, ನೆರಳು ಹಿಂದೆ. ಹಾಗಾಗಿ ಕಾಯಬೇಕು.

ಅಯೋ ಒಂದು ಸುತ್ತು ಬರಲು 42 ಗಂಟೆ ಚಿಲ್ಲರೆ. ಅದು ಗುರುವಿನ ನೆರಳಲ್ಲಿ ಮರೆಯಾಗಿ ಹೊರಬರುವ ಹೊತ್ತು, ಭೂಮಿ ಗುರುವಿಗೆ ಹತ್ತಿರ ಬಂದಂತೆ, ದೂರ ಹೋದಂತೆ, ವರ್ಷದಲ್ಲಿ ಹಿಂದುಮುಂದಾಗುತ್ತಿತ್ತು. ಅದನ್ನು ನೋಡಿಯೇ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್ 1676ರಲ್ಲಿ, ಬೆಳಕು ಬಂದು ಮುಟ್ಟಲೂ ಸಮಯ ಹಿಡಿಯುತ್ತದೆ ಎಂದು ಹೇಳಿದ್ದು. ಪ್ಯಾರಿಸ್ಸಿನಲ್ಲಿ ಕೂತು, ಆಗಿನ ಕಾಲದ...

ಬಂತು, ಬಂತು! ಅಂಚಿನಲ್ಲಿ ನೋಡಿ, ಕಪ್ಪು ಚುಕ್ಕೆ. ಮಸಿ ಕಪ್ಪು! ಅದರ ಕೆಳಗಿನ ಮೋಡಗಳ ಮೇಲೆ ಈಗ ಪೂರ್ಣ ಸೂರ್ಯಗ್ರಹಣ. ನಮ್ಮ ಹಿತ್ತಲಿನಿಂದ ಬೇರೊಂದು ಗ್ರಹದ ಗ್ರಹಣ ನೋಡುತ್ತಿದ್ದೇವೆ. ಫೋನಿನಲ್ಲಿ ಗುರು ಬೆಳ್ಳಗಾಗಿಬಿಡುತ್ತಾನೆ, ಎಕ್ಸ್‌ಪೋಷರ್ ಪೂರ್ತಿ ಇಳಿಸಿದ್ದೇನೆ. ತಡೀರಿ, ಗುರು ನೋಟದಿಂದ ಜಾರಿದ. ನಿಮಿಷಕ್ಕೊಮ್ಮೆ ಟೆಲಿಸ್ಕೋಪ್ ತಳ್ಳಬೇಕು.

ಇದು ಅಯೋ ಒಳಗೆ ಹೋಗಿ ಎರಡು ಗಂಟೆ ಕಳೆದ ಮೇಲಿನ ದೃಶ್ಯ. ಈ ಕಡೆಯ ಅಂಚಿನಲ್ಲಿ ಅಯೋ ಮತ್ತೆ ಬೆಳಗಿದೆ, ಅರ್ಧ ಒಳಗೆ, ಅರ್ಧ ಹೊರಗೆ. ಇಲ್ಲ, ಉಪಗ್ರಹವನ್ನೂ ನೋಡಲೇಬೇಕು. ಈ ಐದು ನಿಮಿಷ ಬಿಡಬೇಡಿ.

ಗುರುವಿನ ಇನ್ನೊಂದು ಉಪಗ್ರಹ ಗ್ಯಾನಿಮೀಡ್, ಅದರ ನೆರಳು ಇನ್ನೂ ದೊಡ್ಡದು, ಸಣ್ಣ ಟೆಲಿಸ್ಕೋಪಿಗೂ ಸಿಗುತ್ತದೆ. ಇಂಥ ನೆರಳುಗಳ ವೇಳಾಪಟ್ಟಿಯಲ್ಲಿ ಯೂನಿವರ್ಸಲ್ ಟೈಮ್, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಇದ್ದರೆ ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ. ಮೋಡ ಬಂತು, ಕ್ಯಾಮೆರಾ ಆಫ್ ಮಾಡುತ್ತೇನೆ.