ಖಾರ ಇರುವುದು ಮೆಣಸಿನಲ್ಲಲ್ಲ

ಕೇಳುಗರಿಗೆ ನಮಸ್ಕಾರ. ಕಾರವಾರ, ಅಂಕೋಲಾ ಕಡೆ ಮೀನುಸಾರಿಗೆ ಮಸಾಲೆ ಅರೆಯುತ್ತಿರುವವರು, ಶಿರಸಿ ಕಡೆ ಅಡಿಕೆ ಸುಲಿಯುತ್ತ ರೇಡಿಯೋ ಹಾಕಿಕೊಂಡವರು, ಒಂದು ಮಾತು ಕೇಳಿ. ಮೆಣಸಿನಲ್ಲಿ ಖಾರ ಇಲ್ಲ. ಖಾರ ಇರುವುದು ನಮ್ಮ ಜೀವಕೋಶದಲ್ಲಿ.

ಪಿಎಚ್‌ಡಿ ಮುಗಿದ ಮೇಲೂ ನಾನು ಹಿಡಿದು ಕೂತಿರುವುದು ಇದನ್ನೇ. ಜೀವಕೋಶದ ಮೈಮೇಲೆ ಗ್ರಾಹಕಗಳು ಇರುತ್ತವೆ. ಪ್ರೋಟೀನಿನ ಪುಟ್ಟ ಬಾಗಿಲು ಅಂದುಕೊಳ್ಳಿ. ನಾಲಿಗೆಯ ನರದಲ್ಲಿರುವ ಅಂಥ ಒಂದರ ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ‘ಸುಟ್ಟಿತು’ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಮೆಣಸಿನಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ತೆರೆಯುವುದೂ ಅದೇ ಬಾಗಿಲನ್ನು. ಏನೂ ಸುಟ್ಟಿರುವುದಿಲ್ಲ, ಸುದ್ದಿ ಮಾತ್ರ ಅದೇ. 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಶಿರಸಿ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಹಿತ್ತಿಲಲ್ಲಿ ಸೂಜಿಮೆಣಸಿನ ಗಿಡ. ಹಣ್ಣು ಕೆಂಪಾಗುವುದೇ ತಡ, ಪಿಕಳಾರ ಬಂದು ಒಂದೊಂದೇ ನುಂಗುತ್ತಿತ್ತು. ದೊಡ್ಡಮ್ಮ ಹಳೆ ಸೀರೆ ಹೊದಿಸಿದಳು, ಡಬ್ಬ ಬಡಿದಳು. ಹಕ್ಕಿ ದಾಸವಾಳದ ಮೇಲೆ ಕೂತು, ಕೊಕ್ಕು ಒರೆಸಿಕೊಂಡು, ಮತ್ತೆ ಬಂತು. “ಹಕ್ಕಿಗೆ ಖಾರ ಆಗ್ತಿಲ್ಯನೋ ತಮಾ?” ಎಂದು ಕೇಳಿದಳು. ಇಷ್ಟು ನೇರ ಪ್ರಶ್ನೆ ನಮ್ಮ ಲ್ಯಾಬ್ ಮೀಟಿಂಗಿನಲ್ಲೂ ಬರುವುದಿಲ್ಲ! ಆಗುವುದಿಲ್ಲ ಅಂದೆ. ಹಕ್ಕಿಗೂ ಆ ಗ್ರಾಹಕ ಇದೆ, ಬಿಸಿಗೆ ತೆರೆಯುತ್ತದೆ. ಆದರೆ ಕ್ಯಾಪ್ಸೈಸಿನ್ ಅಂಟಿಕೊಳ್ಳುವ ಜಾಗದಲ್ಲಿ ಸ್ವಲ್ಪ ವ್ಯತ್ಯಾಸ, ಹಿಡಿತ ಸಿಗುವುದಿಲ್ಲ. ಅದಕ್ಕೆ ಅದು ಬರೀ ಹಣ್ಣು. ನಾವು ಬೀಜ ಅಗಿದು ಹಾಳುಮಾಡುತ್ತೇವೆ. ಹಕ್ಕಿ ಇಡಿಯಾಗಿ ನುಂಗಿ ದೂರ ಹೋಗಿ ಹಿಕ್ಕೆ ಹಾಕುತ್ತದೆ, ಅಲ್ಲಿ ಹೊಸ ಗಿಡ. ದೊಡ್ಡಮ್ಮ ಎಲ್ಲ ಕೇಳಿ, “ಹಂಗಾದ್ರೆ ಆ ಗಿಡ ಎಲ್ಲಿದ್ದು ಹೇಳು, ಕೊಯ್ಕಂಡು ಬತ್ತಿ” ಅಂದಳು.

ಮತ್ತೆ ಹೇಳುತ್ತೇನೆ. ಮೆಣಸು ಅದೇ, ಗ್ರಾಹಕ ಬೇರೆ. ಕಾಳುಮೆಣಸಿನ ಪೈಪರೀನ್ ತಟ್ಟುವುದೂ ಇದೇ ಬಾಗಿಲನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದ ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದು ಈ ಚುರುಕಿಗೇ ಅಲ್ವಾ?

ಎಷ್ಟೋ ಔಷಧ ಹೋಗಿ ಹಿಡಿಯುವುದೂ ಇಂಥ ಗ್ರಾಹಕಗಳನ್ನೇ. ಅದರ ವಿಷಯ ಜಾಸ್ತಿ ಹೇಳಬೇಕೆಂದಿದ್ದೆ, ಪಿಕಳಾರ ಹೊತ್ತನ್ನೂ ನುಂಗಿಬಿಟ್ಟಿತು. ದಮ್ಮಿನವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಶ್ವಾಸನಾಳದ ಬೀಟಾ-2 ಗ್ರಾಹಕವನ್ನು ಹಿಡಿಯುತ್ತದೆ, ಸ್ನಾಯು ಸಡಿಲಾಗುತ್ತದೆ. ಸುಮ್ನೆ ‘ಮದ್ದು ಸ್ಟ್ರಾಂಗ್ ಇದೆಯಾ’ ಅಂತ ಕೇಳಬೇಡಿ. ಎಲ್ಲಿ ಹೋಗಿ ಹಿಡಿಯುತ್ತದೆ ಅಂತ ಕೇಳಿ.

ಮತ್ತೆ, ಖಾರ ಹತ್ತಿದಾಗ ಗಟಗಟ ನೀರು ಕುಡಿಯುವುದನ್ನು ದಯವಿಟ್ಟು ಬಿಡಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ. ಹಾಲೋ ಮೊಸರೋ ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಳ್ಳಿ. ನಮಸ್ಕಾರ.