ಸೋಪಿನ ಅಚ್ಚು: ಇಡ್ಲಿ ತಟ್ಟೆಗೆ ಕೈ ಹಾಕಬೇಡಿ

ಕೇಳುಗರಿಗೆ ನಮಸ್ಕಾರ. ಕೊಬ್ಬರಿ ಎಣ್ಣೆ, ಹರಳೆಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮನೆಯಲ್ಲೇ ಸೋಪು ಮಾಡುವವರು ಎಣ್ಣೆಯ ವಿಚಾರದಲ್ಲಿ ಬೇಕಾದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಅಚ್ಚಿನ ಮಾತು ಬಂದರೆ ಮಾತ್ರ, ಯಾವುದೋ ಒಂದು ಡಬ್ಬಿ ಇದ್ದರಾಯಿತು ಅನ್ನುತ್ತಾರೆ. ಇವತ್ತಿನ ಮಾತು ಆ ಡಬ್ಬಿಯದು. ಮೊದಲೇ ಹೇಳಿಬಿಡುತ್ತೇನೆ: ಅಲ್ಯೂಮಿನಿಯಂ ಬೇಡ.

ಇಡ್ಲಿ ತಟ್ಟೆಯ ಕಥೆ ಕೇಳಿ. ಸೋಪು ದೋಸೆ ಹಿಟ್ಟಿನ ಹದಕ್ಕೆ ಬಂದಿದೆ. ಎದುರಿಗೆ ಇಡ್ಲಿ ತಟ್ಟೆ ಇದೆ. ದುಂಡಗೆ, ನುಣ್ಣಗೆ, ಒಂದೇ ಅಳತೆಯ ಗುಳಿಗಳು. ದುಡ್ಡು ಕೊಟ್ಟು ಅಚ್ಚು ಯಾಕೆ ತರಬೇಕು ಅನ್ನಿಸುತ್ತದೆ, ಹುಯ್ದುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಇಡ್ಲಿ ನೋಡಿ ಅಭ್ಯಾಸವಾದ ಕಣ್ಣು, ಚೆನ್ನಾಗಿ ಉಬ್ಬುತ್ತಿದೆ ಅಂದುಕೊಳ್ಳುತ್ತದೆ. ಅದು ಉಬ್ಬುವುದಲ್ಲ ಸ್ವಾಮಿ, ಹೈಡ್ರೋಜನ್. ಬೆಂಕಿ ಕಂಡರೆ ಹತ್ತಿಕೊಳ್ಳುವ ಅನಿಲ. ಆಗಷ್ಟೇ ಕಲಸಿದ ಸೋಪಿನಲ್ಲಿ ಕಾಸ್ಟಿಕ್ ಇನ್ನೂ ಪೂರ್ತಿ ಎಣ್ಣೆಯೊಡನೆ ಕೂಡಿರುವುದಿಲ್ಲ. ಉಳಿದದ್ದು ತಟ್ಟೆಯನ್ನು ತಿನ್ನಲು ಶುರುಮಾಡುತ್ತದೆ. ಮರುದಿನ ನೋಡಿದರೆ ತಟ್ಟೆ ಕಪ್ಪಗೆ, ತರಿತರಿಯಾಗಿರುತ್ತದೆ. ಸೋಪಿನ ತಳ ಬೂದು ಬಣ್ಣಕ್ಕೆ ತಿರುಗಿ ತೂತು ತೂತಾಗಿರುತ್ತದೆ. ಎಣ್ಣೆಗೆಂದು ತೂಗಿ ಹಾಕಿದ ಕಾಸ್ಟಿಕ್ ಒಂದಿಷ್ಟು ಲೋಹಕ್ಕೆ ಖರ್ಚಾಯಿತಲ್ಲ, ಅಷ್ಟು ಎಣ್ಣೆ ಹಾಗೇ ಉಳಿದು ಸೋಪು ಮೆತ್ತಗಾಗುತ್ತದೆ. ಸೋಪೂ ಹೋಯಿತು, ತಟ್ಟೆಯೂ ಹೋಯಿತು.

ಸ್ಟೀಲ್ ತಟ್ಟೆಯಾದರೆ? ಒಳ್ಳೆಯ ಸ್ಟೀಲಿಗೆ ಕಾಸ್ಟಿಕ್ ಏನೂ ಮಾಡದು. ಆದರೆ ಗುಳಿಯಲ್ಲಿ ತೂತಿದ್ದರೆ ಸೋಪು ಸೋರುತ್ತದೆ, ಇಲ್ಲದಿದ್ದರೆ ಕಚ್ಚಿಕೊಂಡು ಮೇಲೇಳುವುದಿಲ್ಲ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಿದೆ ಅನ್ನಬೇಡಿ. ಎಷ್ಟೋ ಸ್ಟೀಲ್ ಪಾತ್ರೆಗೂ ಆಯಸ್ಕಾಂತ ಅಂಟುವುದಿಲ್ಲ. ಯಾವ ಲೋಹವೆಂದು ಅನುಮಾನ ಬಂದರೆ ಬದಿಗಿಡಿ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ. ತಾಮ್ರ, ಹಿತ್ತಾಳೆಯೂ ಬೇಡ, ಸೋಪು ಬೇಗ ಕಮಟುತ್ತದೆ.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಯ ಮೇಲೂ ಕೆಲವರ ಕಣ್ಣಿರುತ್ತದೆ. ಸಕ್ಕರೆ ಪಾಕ ಗಟ್ಟಿಯಾಗಿ ಬಿಟ್ಟುಕೊಂಡು ಬರುತ್ತದೆ. ಹಸಿ ಸೋಪು ಮೆತ್ತಗಿರುತ್ತದೆ, ಕೆತ್ತನೆಯ ಸಂದಿಯಲ್ಲೇ ಆನೆಯ ಸೊಂಡಿಲು ಉಳಿದುಬಿಡುತ್ತದೆ. ಒಮ್ಮೆ ಸೋಪು ಕಂಡ ಅಚ್ಚು ಮತ್ತೆ ತಿಂಡಿಗೆ ಬರುವಂತೆಯೂ ಇಲ್ಲ.

ಹಾಗಾದರೆ ಯಾವುದು? ಇಟ್ಟಿಗೆಯಾಕಾರದ ಸಿಲಿಕೋನ್ ಅಚ್ಚು ಎಲ್ಲಕ್ಕಿಂತ ಸುಲಭ. ಭಾರಕ್ಕೆ ಅದರ ಪಕ್ಕೆ ಹೊರಗೆ ಉಬ್ಬುತ್ತದೆ, ಎರಡೂ ಕಡೆ ಮರದ ತುಂಡೋ ಪುಸ್ತಕವೋ ಆನಿಸಿ. ಮರದ ಪೆಟ್ಟಿಗೆಯೂ ಚೆನ್ನ, ಒಳಗೆ ಬಟರ್ ಪೇಪರ್ ಹಾಸಿದರೆ ಮಾತ್ರ. ಮೂಲೆಯಲ್ಲಿ ಕಾಗದ ಸುಕ್ಕಾದರೆ ಆ ಸುಕ್ಕು ಸೋಪಿನ ಮೇಲೂ ಮೂಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ತಳದ ತ್ರಿಕೋನದಲ್ಲಿ 5 ಅಥವಾ 2 ಎಂದಿರಲಿ, ಬಾಯಿ ಅಗಲ, ತಳ ಕಿರಿದು ಇರಲಿ. ಗಾಜು ಬಗ್ಗುವುದಿಲ್ಲ, ಸೋಪು ಬಿಡುವುದಿಲ್ಲ.

ಎಣ್ಣೆ ಎಷ್ಟು ಬೇಕು? ಅಚ್ಚಿನ ಉದ್ದ, ಅಗಲ, ಸೋಪು ಬೇಕಾದ ಎತ್ತರ, ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.7ರಿಂದ ಗುಣಿಸಿ. ಉದ್ದ 20, ಅಗಲ 7, ಎತ್ತರ 6 ಆದರೆ 840. ಅದಕ್ಕೆ ಸುಮಾರು 590 ಗ್ರಾಂ ಎಣ್ಣೆ. ಬರೆದುಕೊಳ್ಳಿ. ಕಾಸ್ಟಿಕ್ಕನ್ನು ಆಯಾ ಎಣ್ಣೆಯ ಲೆಕ್ಕಕ್ಕೆ ತಕ್ಕಡಿಯಲ್ಲೇ ತೂಗಬೇಕು, ಚಮಚದ ಅಳತೆ ಬೇಡ. ಕೈಗವಸು, ಕನ್ನಡಕ ಹಾಕಿಕೊಂಡೇ ನೀರಿಗೆ ಕಾಸ್ಟಿಕ್ ಹಾಕಿ. ಕಾಸ್ಟಿಕ್ಕಿಗೆ ನೀರು ಹುಯ್ಯಬೇಡಿ. ಆ ಪಾತ್ರೆಯೂ ಅಲ್ಯೂಮಿನಿಯಂ ಆಗಿರಬಾರದು. ಆಗಲೇ ಹೇಳಿದೆ, ಆದರೂ ಮತ್ತೆ ಹೇಳಬೇಕಾಗುತ್ತದೆ.

ಹುಯ್ದ ಮೇಲೆ ಅಚ್ಚನ್ನು ಮೇಜಿಗೆ ನಾಲ್ಕೈದು ಸಲ ಕುಟ್ಟಿ, ಒಳಗಿನ ಗಾಳಿ ಹೋಗಲಿ. ದೊಡ್ಡ ಅಚ್ಚಿನಲ್ಲಿ ಸೋಪು ತನ್ನಷ್ಟಕ್ಕೇ ಬಿಸಿಯೇರುತ್ತದೆ. ಕತ್ತರಿಸಿದಾಗ ನಡುವೆ ಗಾಢ ಬಣ್ಣದ ವೃತ್ತ ಕಂಡರೆ ನಡು ಬಿಸಿಯಾಗಿ ಅಂಚು ತಣ್ಣಗಿತ್ತೆಂದು ಅರ್ಥ; ಕೆಟ್ಟದ್ದೇನಲ್ಲ, ಮುಂದಿನ ಸಲ ಟವೆಲ್ ಹೊದಿಸಿ. ಹಾಲು, ಜೇನು ಹಾಕಿದ ಸೋಪಿಗೆ ಟವೆಲ್ ಬೇಡ, ಬಿಸಿ ಹೆಚ್ಚಾಗಿ ಉಕ್ಕಿ ಬರುತ್ತದೆ. ಒಂದೊಂದೇ ಬಿಲ್ಲೆಯ ಸಣ್ಣ ಗುಳಿಗಳಲ್ಲಿ ಬಿಸಿ ನಿಲ್ಲುವುದಿಲ್ಲ, ಎರಡು ಮೂರು ದಿನ ಕಾಯಿರಿ. ಆಮೇಲೂ ಬಿಡದಿದ್ದರೆ ಒಂದು ಗಂಟೆ ಫ್ರೀಜರಿನಲ್ಲಿಟ್ಟು ತಳದಿಂದ ಒತ್ತಿ. ಚಾಕು ಹಾಕಿ ಕೆದಕಬೇಡಿ.

ದೊಡ್ಡ ಅಚ್ಚಿನದನ್ನು 24ರಿಂದ 48 ಗಂಟೆಯಲ್ಲಿ ತೆಗೆದು ಒಂದು ಇಂಚು ದಪ್ಪಕ್ಕೆ ಕತ್ತರಿಸಿ. ಬೆರಳಿನಲ್ಲಿ ಒತ್ತಿದರೆ ಗಟ್ಟಿ ಬೆಣ್ಣೆಯಂತಿರಬೇಕು. ಪೂರಾ ಗಟ್ಟಿಯಾಗಲೆಂದು ಬಿಟ್ಟರೆ, ಅದರಲ್ಲೂ ಬರೀ ಕೊಬ್ಬರಿ ಎಣ್ಣೆಯ ಸೋಪಾದರೆ, ಪುಡಿಪುಡಿಯಾಗಿ ಒಡೆಯುತ್ತದೆ. ಬರೀ ಕೊಬ್ಬರಿ ಎಣ್ಣೆಯದನ್ನು ಹುಯ್ದ ದಿನವೇ ನೋಡಿ ಕತ್ತರಿಸಿ.

ಬಿಲ್ಲೆಯ ಮೇಲೆ ಹೆಸರು ಒತ್ತುವುದು ಹೇಗೆಂದು ಕೇಳುವವರಿದ್ದೀರಿ. 1918ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಬಿಲ್ಲೆಯಷ್ಟು ಸ್ಪಷ್ಟವಾಗಿ ಮನೆಯಲ್ಲಿ ಬಾರದು. ಅದು ಹುಯ್ದದ್ದಲ್ಲ, ಯಂತ್ರದಲ್ಲಿ ಒತ್ತಿದ್ದು. ಮನೆಯಲ್ಲಿ ಕತ್ತರಿಸಿದ ಕೆಲವು ದಿನದ ಮೇಲೆ, ಮುದ್ರೆಗೆ ಅಂಟದಷ್ಟು ಒಣಗಿದಾಗ ಒತ್ತಿ ನೋಡಿ. ಆಮೇಲೆ ಗಾಳಿಯಾಡುವ ಕಡೆ, ನೆರಳಿನಲ್ಲಿ 4ರಿಂದ 6 ವಾರ ಬಿಡಿ. ಜಾಲರಿ ಮೇಲೆ ಜೋಡಿಸುವವರು ಅದು ಯಾವ ಲೋಹದ್ದೆಂದು ನೋಡಿಕೊಳ್ಳಿ. ಯಾವುದು ಬೇಡವೆಂದು ಗೊತ್ತಲ್ಲ? ನಮಸ್ಕಾರ.